ಪಂಪ್ ಇತ್ತು, ಪಂಪಿನೊಳಗೆ ಏನೂ ಇರಲಿಲ್ಲ: ಒಂದು ಮ್ಯಾಚ್‌ಲೆಸ್ ಇಂಜಿನ್ನಿನ ಪ್ರಕರಣ

ಬಿಚ್ಚಿಟ್ಟ ಹಳೇ ಬೈಕು ಕೊಂಡವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಡಬ್ಬಗಳಲ್ಲಿ ಎಲ್ಲ ಇದೆ ಅಂತ ಮಾರಿದವರು ಹೇಳುತ್ತಾರೆ, ಜೋಡಿಸಲು ಕೂತಾಗ ಏನೋ ಒಂದು ಇರುವುದಿಲ್ಲ. ನಟ್ಟು, ಬೋಲ್ಟು, ವಾಷರ್ ಆದರೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಇಂಜಿನ್ನಿನ ಒಳಗಿನ, ಇಂಜಿನ್ನಿನ ಜೊತೆಗೇ ಸವೆದು ಹೊಂದಿಕೊಂಡ ಪಾರ್ಟ್ ಇಲ್ಲ ಅಂದರೆ ಮಾತ್ರ ಲೆಕ್ಕ ಬೇರೆ. ಇಲ್ಲಿ ಬರೆಯುತ್ತಿರುವುದು ಅಂಥದ್ದೇ ಒಂದು ಪ್ರಕರಣ.

ಗಾಡಿ ನನ್ನದಲ್ಲ, ಗೆಳೆಯನದ್ದು. ಮ್ಯಾಚ್‌ಲೆಸ್ ಜಿ3ಎಲ್. ಹಳೇ ಬ್ರಿಟಿಷ್ ಬೈಕು ಇದು, ಒಂದೇ ಸಿಲಿಂಡರಿನ ಓವರ್‌ಹೆಡ್ ವಾಲ್ವ್ ಇಂಜಿನ್, ಬೋರ್ 69 ಮಿ.ಮೀ., ಸ್ಟ್ರೋಕ್ 93 ಮಿ.ಮೀ., ಹೆಸರಿಗೆ 350 ಸಿಸಿ, ಲೆಕ್ಕ ಹಾಕಿದರೆ 348ಕ್ಕೆ ಚೂರು ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಡಿಸ್ಪ್ಯಾಚ್ ಸವಾರರು, ಅಂದರೆ ಸಂದೇಶ ಒಯ್ಯುವವರು, ಓಡಿಸಿದ ಮಾಡೆಲ್ ಇದು. 1941ರಲ್ಲೇ ಇದಕ್ಕೆ ಟೆಲಿಸ್ಕೋಪಿಕ್ ಫೋರ್ಕ್ ಬಂದಿತ್ತು, ಆಗಿನ ಸೇನಾ ಬೈಕುಗಳಲ್ಲಿ ಅದು ದೊಡ್ಡ ವಿಷಯ. ಯುದ್ಧ ಮುಗಿದ ಮೇಲೆ ಅದೇ ಗಾಡಿ ಬೇರೆ ಬಣ್ಣ ಹೊಡೆಸಿಕೊಂಡು ಜನರ ಕೈಗೆ ಬಂತು. ಗೆಳೆಯನ ಇಂಜಿನ್ ಈ ಎರಡನೇ ಗುಂಪಿನದು. ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಭಾಗದ ಲೋಹದ ಕವಚ) ಮೇಲಿನ ನಂಬರ್ 48/ಜಿ3ಎಲ್ ಅಂತ ಶುರುವಾಗುತ್ತದೆ, ಅಂದರೆ 1948ರ ಇಂಜಿನ್.

ಕ್ರ್ಯಾಂಕ್‌ಕೇಸಿನ ಎರಡು ಅರ್ಧಗಳನ್ನೂ ಜೋಡಿಸಿ ಬೋಲ್ಟ್ ಹಾಕಿಯೇ ಕೊಟ್ಟಿದ್ದರು. ಒಳಗೆ ಕ್ರ್ಯಾಂಕ್ ಇತ್ತು, ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಬ್ಯಾರಲ್, ಹೆಡ್, ಪಿಸ್ಟನ್ ಬೇರೆ ಡಬ್ಬದಲ್ಲಿದ್ದವು. ಕೆಳಗಿನ ಇಂಜಿನ್ ಸರಿಯಾಗಿದೆ, ಮೇಲಿನದನ್ನು ಮಾತ್ರ ನೋಡಿಕೊಂಡರೆ ಸಾಕು ಅಂತ ಮಾರಿದವರು ಹೇಳಿದ್ದರಂತೆ. ಆಯಿಲ್ ಪಂಪಿನ ಎರಡು ಮುಚ್ಚಳಗಳೂ ತಮ್ಮ ಜಾಗದಲ್ಲೇ ಇದ್ದವು, ಸ್ಕ್ರೂ ಕೂಡ ಬಿಗಿಯಾಗಿತ್ತು. ಹೊರಗಿನಿಂದ ನೋಡಿದವರಿಗೆ ಪಂಪ್ ಇದೆ ಅಂತಲೇ ಅನಿಸಬೇಕು. ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದರೆ ಆ ಕಡೆಯ ಬೆಳಕು ಈ ಕಡೆಗೆ ಕಾಣುತ್ತಿತ್ತು. ಒಳಗೆ ಓಡಾಡಿ ಆಯಿಲ್ ತಳ್ಳಬೇಕಾದ ಕಡ್ಡಿ, ಅಂದರೆ ಪ್ಲಂಜರ್, ಇರಲಿಲ್ಲ. ಅದನ್ನು ನಡೆಸುವ ಗೈಡ್ ಪಿನ್ ಇರಬೇಕಾದ ತೂತಿಗೆ ಯಾರೋ ಒಂದು ಮಾಮೂಲಿ ಬೋಲ್ಟನ್ನು ತುಂಡು ಮಾಡಿ ತಿರುಗಿಸಿ ಬಿಟ್ಟಿದ್ದರು.

ಈ ಪಂಪ್ ಕೆಲಸ ಮಾಡುವ ರೀತಿ

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೇ ನಿಂತಿವೆ.

ಈ ಇಂಜಿನ್ ಡ್ರೈ ಸಂಪ್ ಮಾದರಿಯದು. ಆಯಿಲ್ ಇರುವುದು ಬೇರೆ ಟ್ಯಾಂಕಿನಲ್ಲಿ. ಪಂಪ್ ಅಲ್ಲಿಂದ ಆಯಿಲ್ ಎಳೆದು ಇಂಜಿನ್ನಿಗೆ ಕೊಡಬೇಕು, ಕೆಲಸ ಮುಗಿಸಿ ತಳಕ್ಕೆ ಇಳಿದ ಆಯಿಲನ್ನು ಮತ್ತೆ ಎತ್ತಿ ಟ್ಯಾಂಕಿಗೆ ಕಳಿಸಬೇಕು. ಎರಡು ಕೆಲಸ, ಸಾಮಾನ್ಯವಾಗಿ ಎರಡು ಪಂಪ್. ಮ್ಯಾಚ್‌ಲೆಸ್‌ನವರು ಎರಡನ್ನೂ ಒಂದೇ ಪ್ಲಂಜರಿನಿಂದ ಮಾಡಿಸಿದರು. ಅದು ಕ್ರ್ಯಾಂಕಿನ ಟೈಮಿಂಗ್ ಕಡೆಯ (ವಾಲ್ವ್ ನಡೆಸುವ ಗೇರುಗಳಿರುವ ಬದಿಯ) ಆಕ್ಸಲ್ ಕೆಳಗೆ ಅಡ್ಡಲಾಗಿ ಮಲಗಿರುತ್ತದೆ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಸಣ್ಣ ತುದಿ ಇಂಜಿನ್ನಿಗೆ ಆಯಿಲ್ ಕೊಡುತ್ತದೆ, ದಪ್ಪ ತುದಿ ವಾಪಸ್ ಎತ್ತುತ್ತದೆ. ವಾಪಸ್ ಎತ್ತುವ ಶಕ್ತಿ ಯಾವಾಗಲೂ ಜಾಸ್ತಿ ಇರಬೇಕು, ಇಲ್ಲದಿದ್ದರೆ ತಳದಲ್ಲಿ ಆಯಿಲ್ ತುಂಬಿಕೊಳ್ಳುತ್ತದೆ.

ಪ್ಲಂಜರ್ ಮೈಮೇಲೆ ಹಲ್ಲು ಕೊರೆದಿರುತ್ತದೆ. ಆಕ್ಸಲ್ ಮೇಲಿರುವ ವರ್ಮ್ (ಸ್ಕ್ರೂ ಥರದ ಗೇರು) ಆ ಹಲ್ಲುಗಳನ್ನು ತಳ್ಳಿ ಪ್ಲಂಜರನ್ನು ನಿಧಾನಕ್ಕೆ ತಿರುಗಿಸುತ್ತದೆ. ಬರೀ ತಿರುಗಿದರೆ ಆಯಿಲ್ ಎಳೆಯುವುದಿಲ್ಲವಲ್ಲ, ಹಿಂದೆ ಮುಂದೆ ಸರಿಯಬೇಕು. ಅದಕ್ಕಾಗಿ ಪ್ಲಂಜರಿನ ಸುತ್ತ ಅಂಕುಡೊಂಕಾದ ಒಂದು ಗ್ರೂವ್ ಇದೆ. ಕ್ರ್ಯಾಂಕ್‌ಕೇಸಿನ ಹೊರಗಿನಿಂದ ತಿರುಗಿಸಿದ ಗೈಡ್ ಪಿನ್ನಿನ ತುದಿ ಈ ಗ್ರೂವ್‌ನಲ್ಲಿ ಕೂತಿರುತ್ತದೆ. ಪಿನ್ ಅಲುಗಾಡುವುದಿಲ್ಲ, ಗ್ರೂವ್ ಅಂಕುಡೊಂಕು, ಹಾಗಾಗಿ ಪ್ಲಂಜರ್ ತಿರುಗುತ್ತಾ ತಿರುಗುತ್ತಾ ಹಿಂದೆ ಮುಂದೆ ಹೋಗಲೇಬೇಕು. ಪ್ಲಂಜರಿನಲ್ಲಿ ಕತ್ತರಿಸಿದ ಜಾಗಗಳು ತಿರುಗುವಾಗ ಆಯಿಲ್ ದಾರಿಗಳನ್ನು ತೆರೆದು ಮುಚ್ಚುತ್ತವೆ. ವಾಲ್ವ್ ಇಲ್ಲ, ಸ್ಪ್ರಿಂಗ್ ಇಲ್ಲ. ಅಲುಗುವ ಪಾರ್ಟ್ ಒಂದೇ ಒಂದು. ಇದನ್ನು ಯೋಚಿಸಿದವರಿಗೆ ಒಂದು ಸಲಾಂ ಹೊಡೆಯಬೇಕು ಅನಿಸುತ್ತದೆ.

ಆದರೆ ಇದೇ ಜಾಣತನದಲ್ಲಿ ಒಂದು ಅಪಾಯವೂ ಇದೆ. ಪಂಪಿಗೆ ಬೇರೆ ಮನೆ ಅಂತ ಇಲ್ಲ, ಕ್ರ್ಯಾಂಕ್‌ಕೇಸಿನಲ್ಲಿ ಕೊರೆದ ತೂತೇ ಅದರ ಮನೆ. ಪಂಪ್ ಹಾಳಾಯಿತು ಅಂತ ಇಡೀ ಪಂಪ್ ಬಿಚ್ಚಿ ಹೊಸದು ಹಾಕುವ ಹಾಗಿಲ್ಲ. 1964ರಲ್ಲಿ ಕಂಪನಿಯೇ ಈ ಪ್ಲಂಜರ್ ಬಿಟ್ಟು ನಾರ್ಟನ್ ಮಾದರಿಯ ಗೇರ್ ಪಂಪಿಗೆ ಬದಲಾಯಿಸಿತು. 'ಹಾಗಾದ್ರೆ ನಾವೂ ಅದನ್ನೇ ಹಾಕೋಣ' ಅಂತ ಗೆಳೆಯ ಹೇಳಿದ. ಆ ಗೇರ್ ಪಂಪ್ ಕೂರಲು ಬೇಕಾದ ಜಾಗ 1948ರ ಕೇಸಿನಲ್ಲಿಲ್ಲ. ಹೊರಗಡೆ ಯಾವುದೋ ಪಂಪ್ ಕಟ್ಟಿ ಪೈಪ್ ಎಳೆಯುವ ಸಲಹೆಯೂ ಬಂತು. ಬೇರೆ ದಾರಿ ಉಳಿದಿರುವಾಗ ಅದನ್ನು ಯೋಚಿಸುವುದೂ ಬೇಡ ಅಂದುಕೊಂಡೆವು.

ಯಾಕೆ ಇಲ್ಲ?

ಇಲ್ಲಿ ಹೆಚ್ಚಿನವರು ನೇರವಾಗಿ ಹುಡುಕಲು ಹೊರಡುತ್ತಾರೆ. ನಾವು ಹೊರಡಲಿಲ್ಲ. ಪ್ಲಂಜರ್ ಯಾರ ಕೈಯಿಂದಲೂ ಜಾರಿ ಕಳೆದುಹೋಗುವ ಪಾರ್ಟ್ ಅಲ್ಲ. ಬೇಕೆಂದೇ ಪಿನ್ ಬಿಚ್ಚಿ, ಮುಚ್ಚಳ ತೆಗೆದು, ಹೊರಕ್ಕೆ ಎಳೆಯಬೇಕು. ಹಾಗೆ ತೆಗೆದವರು ಮುಚ್ಚಳವನ್ನು ಮಾತ್ರ ಮತ್ತೆ ಹಾಕಿದ್ದಾರೆ. ಪಿನ್ನಿನ ತೂತಿಗೆ ಬೋಲ್ಟ್ ತುರುಕಿದ್ದಾರೆ. ಅಂದರೆ ಪಿನ್ನೂ ಅವರ ಹತ್ತಿರ ಇರಲಿಲ್ಲ ಅಥವಾ ಹಾಕುವ ಸ್ಥಿತಿಯಲ್ಲಿರಲಿಲ್ಲ.

ಈ ಇಂಜಿನ್ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಅನುಮಾನ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಕ್ರ್ಯಾಂಕ್‌ಕೇಸ್ ಬಿಚ್ಚುವ ಮೊದಲು ಗೈಡ್ ಪಿನ್ ತೆಗೆದು ಪ್ಲಂಜರನ್ನು ಹೊರಗೆ ಎಳೆದುಬಿಡಬೇಕು. ಅದನ್ನು ಮರೆತು ಟೈಮಿಂಗ್ ಕಡೆಯ ಆಕ್ಸಲ್ ಹೊರಗೆ ತಳ್ಳಿದರೆ ವರ್ಮ್ ಮತ್ತು ಪ್ಲಂಜರಿನ ಹಲ್ಲು ಒಂದಕ್ಕೊಂದು ಸಿಕ್ಕಿಕೊಂಡು ಹಾಳಾಗುತ್ತವೆ. ಜೋಡಿಸುವಾಗ ಇನ್ನೊಂದು ಗಂಡಾಂತರ. ಪಿನ್ನಿನ ತುದಿ ಗ್ರೂವ್‌ಗೆ ಸರಿಯಾಗಿ ಬೀಳದೆ ಅಂಚಿನ ಮೇಲೆ ನಿಂತಿರುತ್ತದೆ, ಸ್ಪ್ಯಾನರ್ ಹಾಕಿ ಬಿಗಿ ಮಾಡುತ್ತಾರೆ, ಕಿಕ್ ಹೊಡೆಯುತ್ತಾರೆ. ಪಿನ್ನಿನ ತುದಿ ಮುರಿಯುತ್ತದೆ ಅಥವಾ ಗ್ರೂವ್‌ನ ಅಂಚು ಒಡೆಯುತ್ತದೆ.

ಹಾಗಾಗಿ 'ಕೆಳಗಿನ ಇಂಜಿನ್ ಸರಿಯಾಗಿದೆ' ಅನ್ನುವ ಮಾತನ್ನು ಪಕ್ಕಕ್ಕಿಟ್ಟು ಕೇಸ್ ಬಿಚ್ಚಿದೆವು. ತಳದಲ್ಲಿ ಗಟ್ಟಿಯಾದ ಕಪ್ಪು ಕೆಸರು. ಸೀಮೆಎಣ್ಣೆಯಲ್ಲಿ ಕದಡಿ ಸೋಸಿದಾಗ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಉಕ್ಕಿನ ಚೂರು ಸಿಕ್ಕಿತು. ಒಂದು ಕಡೆ ದುಂಡಗೆ ನುಣುಪು, ಇನ್ನೊಂದು ಕಡೆ ಮುರಿದ ಒರಟು ಮುಖ. ಗೈಡ್ ಪಿನ್ನಿನ ತುದಿಯೇ ಅದು. ಅದರ ಜೊತೆ ಒಂದಿಷ್ಟು ತೆಳ್ಳನೆ ಚಕ್ಕೆಗಳೂ ಇದ್ದವು, ಅವು ಗ್ರೂವ್ ಅಂಚಿನವು ಇರಬೇಕು.

ಇದರಿಂದ ಪ್ರಕರಣದ ಸ್ವರೂಪವೇ ಬದಲಾಯಿತು. ಪಾರ್ಟ್ ಕಳೆದಿರಲಿಲ್ಲ, ಮುರಿದಿತ್ತು. ಮುರಿದ ಪಾರ್ಟ್ ತನ್ನ ಜೊತೆ ಇನ್ನೇನನ್ನು ಹಾಳು ಮಾಡಿದೆ ಅಂತ ನೋಡದೆ ಹೊಸದನ್ನು ತಂದು ಹಾಕಿದರೆ ಅದಕ್ಕೂ ಅದೇ ಗತಿ. ಆಕ್ಸಲ್ ಮೇಲಿನ ವರ್ಮನ್ನು ಭೂತಗನ್ನಡಿಯಲ್ಲಿ ನೋಡಿದೆವು. ಒಂದು ಕಡೆ ಅಂಚು ಮಡಚಿಕೊಂಡು ಮುಳ್ಳು ಎದ್ದಿತ್ತು, ಆದರೆ ಕೆಲಸ ಮಾಡುವ ಮುಖದಲ್ಲಿ ಬಿರುಕಾಗಲಿ ಹೊಂಡವಾಗಲಿ ಇರಲಿಲ್ಲ. ಸಣ್ಣ ಆಯಿಲ್ ಕಲ್ಲಿನಿಂದ ಆ ಮುಳ್ಳನ್ನಷ್ಟೇ ತೆಗೆದೆವು. ವರ್ಮ್ ಮುಖವೇ ಹೋಗಿದ್ದಿದ್ದರೆ ಆಕ್ಸಲ್ ಬದಲಾಯಿಸಬೇಕಿತ್ತು, ಅಂದರೆ ಫ್ಲೈವೀಲ್ ಬಿಚ್ಚಿ ಮತ್ತೆ ಜೋಡಿಸಿ ನೇರ ಮಾಡಬೇಕಿತ್ತು. ಅದು ಪ್ಲಂಜರ್ ಹುಡುಕುವುದಕ್ಕಿಂತ ದೊಡ್ಡ ಕೆಲಸ.

ಆಯಿಲ್ ದಾರಿಗಳನ್ನೂ ಬಿಡಲಿಲ್ಲ. ಪಂಪಿನಿಂದ ಹೊರಟ ಆಯಿಲ್ ಆಕ್ಸಲ್ ಒಳಗಿನ ತೂತಿನಿಂದ ಫ್ಲೈವೀಲ್ ಮೂಲಕ ಕ್ರ್ಯಾಂಕ್‌ಪಿನ್ನಿಗೆ ಹೋಗುತ್ತದೆ. ಅಲ್ಲಿ ಒಂದು ಚೂರು ಸಿಕ್ಕಿಕೊಂಡರೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿಗೆ ಆಯಿಲ್ ತಲುಪುವುದಿಲ್ಲ. ತಂತಿ, ದ್ರಾವಕ, ಗಾಳಿ, ಮತ್ತೆ ದ್ರಾವಕ. ಬೇಜಾರಿನ ಕೆಲಸ, ಬರೆಯುವುದಕ್ಕೂ ಹೆಚ್ಚೇನಿಲ್ಲ.

ತೂತನ್ನು ಅಳೆಯುವುದು

ಪ್ಲಂಜರ್ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಪುಸ್ತಕಕ್ಕಿಂತ ಮೊದಲು ಆ ತೂತಿಗೇ ಕೇಳಬೇಕು. ಅಷ್ಟು ವರ್ಷ ಓಡಿದ ಇಂಜಿನ್ನಿನಲ್ಲಿ ತೂತು ಫ್ಯಾಕ್ಟರಿಯಿಂದ ಬಂದ ಅಳತೆಯಲ್ಲೇ ಇದೆ ಅಂತ ನಂಬಲು ಆಗುವುದಿಲ್ಲ. ಟೆಲಿಸ್ಕೋಪಿಕ್ ಗೇಜ್ ಒಳಗಿಟ್ಟು, ಹೊರತೆಗೆದು, ಮೈಕ್ರೋಮೀಟರಿನಲ್ಲಿ ಅಳೆದೆವು. ಎರಡು ಬದಿಗೂ, ಬಾಯಿಯಲ್ಲಿ, ನಡುವೆ, ಒಳಗೆ. ಪ್ರತಿ ಜಾಗದಲ್ಲೂ ಮೇಲೆ ಕೆಳಗೆ ಒಂದು, ಎಡ ಬಲ ಒಂದು. ವರ್ನಿಯರ್ ಇದಕ್ಕೆ ಸಾಲದು. ಇಲ್ಲಿ ಲೆಕ್ಕ ನಡೆಯುವುದು ಥೌಗಳಲ್ಲಿ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಸುಮಾರು 0.025 ಮಿ.ಮೀ.

ಸಣ್ಣ ಬದಿ ದುಂಡಗಿತ್ತು, ಉದ್ದಕ್ಕೂ ಒಂದೇ ಸಮ. ದಪ್ಪ ಬದಿ ಬಾಯಿಯ ಹತ್ತಿರ ಒಂದೂವರೆ ಥೌ ಅಗಲವಾಗಿತ್ತು, ಸ್ವಲ್ಪ ಮೊಟ್ಟೆಯಾಕಾರಕ್ಕೂ ತಿರುಗಿತ್ತು. ಇದು ಉಲ್ಟಾ ಆಗಿದ್ದಿದ್ದರೆ ನಮ್ಮ ನಿರ್ಧಾರವೂ ಉಲ್ಟಾ ಆಗುತ್ತಿತ್ತು. ಸಣ್ಣ ಬದಿ ಸಡಿಲವಾದರೆ ಎರಡು ತೊಂದರೆ. ಓಡುವಾಗ ಇಂಜಿನ್ನಿಗೆ ಆಯಿಲ್ ಕಡಿಮೆ ಹೋಗುತ್ತದೆ. ನಿಂತಿರುವಾಗ ಟ್ಯಾಂಕಿನ ಆಯಿಲ್ ಪ್ಲಂಜರ್ ಪಕ್ಕದಿಂದ ಜಿನುಗಿ ತಳಕ್ಕೆ ಇಳಿಯುತ್ತದೆ. ದಪ್ಪ ಬದಿಗೆ ಹೇಗೂ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಕೊಟ್ಟಿರುತ್ತಾರೆ. ಅಲ್ಲಿ ಚೂರು ಸೋರಿದರೂ ವಾಪಸ್ ಎತ್ತುವ ಕೆಲಸ ನಡೆಯುತ್ತದೆ. ತೂತನ್ನು ಹೋನ್ ಮಾಡಿ, ಅಂದರೆ ಒಳಗೆ ಉಜ್ಜಿ ಅಗಲ ಮಾಡಿ, ದಪ್ಪನೆಯ ಪ್ಲಂಜರ್ ಮಾಡಿಸುವ ಯೋಚನೆಯನ್ನು ಇಲ್ಲಿಗೆ ಕೈಬಿಟ್ಟೆವು. ಮಾಮೂಲಿ ಅಳತೆಯ, ಸವೆಯದ ಸಣ್ಣ ತುದಿ ಇರುವ ಪ್ಲಂಜರ್ ಸಿಕ್ಕರೆ ಸಾಕು. ಹುಡುಕಾಟಕ್ಕೆ ಈಗ ಒಂದು ಅಳತೆ ಸಿಕ್ಕಿತು.

ಹುಡುಕಾಟ

ಮ್ಯಾಚ್‌ಲೆಸ್ ಅಂತ ಹುಡುಕಿದರೆ ಅರ್ಧ ಪಾರ್ಟುಗಳು ಕಣ್ಣಿಗೇ ಬೀಳುವುದಿಲ್ಲ. ಕಾರಣ ಚರಿತ್ರೆಯಲ್ಲಿದೆ. ಲಂಡನ್ನಿನ ಪ್ಲಮ್‌ಸ್ಟೆಡ್‌ನಲ್ಲಿದ್ದ ಮ್ಯಾಚ್‌ಲೆಸ್ ಕಂಪನಿ 1931ರಲ್ಲಿ ಇನ್ನೊಂದು ಬೈಕ್ ಕಂಪನಿಯಾದ ಎಜೆಎಸ್ ಹೆಸರನ್ನು ಕೊಂಡುಕೊಂಡಿತು. ಆಮೇಲೆ ಎಎಂಸಿ (ಅಸೋಸಿಯೇಟೆಡ್ ಮೋಟರ್ ಸೈಕಲ್ಸ್) ಅನ್ನುವ ಹೆಸರಿನಡಿ ಎರಡೂ ಬ್ರ್ಯಾಂಡುಗಳು ಒಂದೇ ಫ್ಯಾಕ್ಟರಿಯಿಂದ ಹೊರಬರುತ್ತಿದ್ದವು. ಮ್ಯಾಚ್‌ಲೆಸ್ ಜಿ3ಎಲ್ ಮತ್ತು ಎಜೆಎಸ್ 16ಎಂ ಹೆಚ್ಚುಕಡಿಮೆ ಒಂದೇ ಇಂಜಿನ್. ಕಣ್ಣಿಗೆ ಕಾಣುವ ದೊಡ್ಡ ವ್ಯತ್ಯಾಸ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಇರುವ ಜಾಗ. ಎಜೆಎಸ್‌ನಲ್ಲಿ ಅದು ಸಿಲಿಂಡರಿನ ಮುಂದೆ, ಮ್ಯಾಚ್‌ಲೆಸ್‌ನಲ್ಲಿ ಹಿಂದೆ. 1952ರ ಮಾಡೆಲ್‌ಗಳಿಂದ ಮ್ಯಾಚ್‌ಲೆಸ್‌ನಲ್ಲೂ ಮುಂದಕ್ಕೆ ಬಂತು. 500 ಸಿಸಿಯ ಜಿ80 ಕೂಡ ಇದೇ ಮನೆತನದ್ದು. ಸ್ಟ್ರೋಕ್ ಅದೇ 93, ಬೋರ್ ಮಾತ್ರ 82.5 ಮಿ.ಮೀ. ಆಯಿಲ್ ಪಂಪಿನ ವಿನ್ಯಾಸ ಎಲ್ಲದರಲ್ಲೂ ಇದೇ ಪ್ಲಂಜರ್.

ಹಾಗಾಗಿ ಹುಡುಕುವ ಹೆಸರುಗಳು ಜಾಸ್ತಿ ಆದವು. ಪಾರ್ಟ್ಸ್ ಪುಸ್ತಕ ತೆಗೆದು ನಂಬರುಗಳನ್ನು ಪಕ್ಕಪಕ್ಕ ಬರೆದುಕೊಂಡೆವು. ಹೆಸರು ನೋಡಿ ಕೊಳ್ಳುವುದಕ್ಕಿಂತ ನಂಬರ್ ನೋಡಿ ಕೊಳ್ಳುವುದು ಮೇಲು. ನಂಬರ್ ನೋಡಿ ಕೊಳ್ಳುವುದಕ್ಕಿಂತ ಅಳತೆ ನೋಡಿ ಕೊಳ್ಳುವುದು ಇನ್ನೂ ಮೇಲು. ಹಳೇ ಪಾರ್ಟಿನ ಮೇಲೆ ಕಟ್ಟಿದ ಚೀಟಿಯನ್ನು ಯಾರು ಯಾವಾಗ ಕಟ್ಟಿದರೋ ಯಾರಿಗೆ ಗೊತ್ತು.

ಮೊದಲು ಸಿಕ್ಕಿದ್ದು ಒಂದು ಬಳಸಿದ ಪ್ಲಂಜರ್. ಮಾರುವವರು ಕಳಿಸಿದ ಫೋಟೋದಲ್ಲಿ ಚೆನ್ನಾಗಿ ಹೊಳೆಯುತ್ತಿತ್ತು. ಹೊಳಪು ಇಲ್ಲಿ ಒಳ್ಳೆಯ ಲಕ್ಷಣವೇ ಅಲ್ಲ, ಯಾರೋ ಎಮರಿ ಕಾಗದ ಹಿಡಿದು ಉಜ್ಜಿದ್ದಾರೆ ಅಂತಲೂ ಅರ್ಥ ಇರಬಹುದು. ನಾವು ಕೇಳಿದ್ದು ಬೇರೆ ಫೋಟೋಗಳು. ಗ್ರೂವ್‌ನ ಅಂಚು ಪೂರ್ತಿ ಒಂದು ಸುತ್ತು ಕಾಣಬೇಕು. ಹಲ್ಲುಗಳನ್ನು ಪಕ್ಕದಿಂದ ತೆಗೆದ ಫೋಟೋ ಬೇಕು. ಎರಡು ತುದಿಗಳ ಮೈಕ್ರೋಮೀಟರ್ ಅಳತೆ ಬೇಕು. ಫೋಟೋ ಬಂತು, ಅಳತೆ ಬರಲಿಲ್ಲ. ಹಲ್ಲುಗಳ ತುದಿ ಚೂಪಾಗಿತ್ತು. ಸವೆಯದ ಹಲ್ಲಿನ ತುದಿಯಲ್ಲಿ ಒಂದಿಷ್ಟು ಚಪ್ಪಟೆ ಜಾಗ ಕಾಣುತ್ತದೆ, ಸವೆದ ಹಲ್ಲು ಚಾಕುವಿನ ಅಲಗಿನ ಹಾಗೆ ಚೂಪಾಗುತ್ತದೆ. ಬೇಡ ಅಂದೆವು.

ಆಮೇಲೆ ಬಂದದ್ದು ಆಸೆ ಹುಟ್ಟಿಸುವಂಥದ್ದು. ಟೈಮಿಂಗ್ ಕಡೆಯ ಅರ್ಧ ಕ್ರ್ಯಾಂಕ್‌ಕೇಸ್, ಒಳಗೆ ಪ್ಲಂಜರ್ ಮತ್ತು ಪಿನ್ ಸಮೇತ. ಪಂಪಿನ ಮನೆಯೂ ಪಂಪೂ ಒಟ್ಟಿಗೇ ಸಿಗುತ್ತವೆ, ಒಟ್ಟಿಗೇ ಸವೆದಿವೆ, ಇನ್ನೇನು ಬೇಕು ಅಲ್ವಾ? ಗೆಳೆಯನಿಗೆ ಇದೇ ಸರಿ ಅನಿಸಿತ್ತು. ನಾನು ತಡೆದೆ. ಕ್ರ್ಯಾಂಕ್‌ಕೇಸಿನ ಎರಡು ಅರ್ಧಗಳನ್ನು ಫ್ಯಾಕ್ಟರಿಯಲ್ಲಿ ಜೋಡಿಸಿಯೇ ಬೇರಿಂಗ್ ಜಾಗ ಮತ್ತು ಬ್ಯಾರಲ್ ಕೂರುವ ಮುಖವನ್ನು ಮೆಷಿನ್ ಮಾಡಿರುತ್ತಾರೆ. ಬೇರೆ ಇಂಜಿನ್ನಿನ ಅರ್ಧ ತಂದು ಜೋಡಿಸಿದರೆ ಬೋಲ್ಟುಗಳು ಕೂರಬಹುದು, ಆದರೆ ಎರಡು ಬದಿಯ ಬೇರಿಂಗುಗಳು ಒಂದೇ ಗೆರೆಯಲ್ಲಿ ಬರುತ್ತವೆ ಅಂತ ಹೇಳಲಾಗದು. ಬ್ಯಾರಲ್ ಕೂರುವ ಮುಖದಲ್ಲಿ ಸಣ್ಣ ಮೆಟ್ಟಿಲು ಬಂದರೂ ಬರಬಹುದು. ಮೇಲಾಗಿ ಅದು ಎಜೆಎಸ್ ಕೇಸ್, ಮ್ಯಾಗ್ನೆಟೊ ಮುಂದೆ ಇರುವಂಥದ್ದು. ನಮ್ಮ ಮ್ಯಾಗ್ನೆಟೊ ಹಿಂದೆ. ಒಂದು ಪ್ಲಂಜರ್ ಸಿಗಲಿ ಅಂತ ಇಂಜಿನ್ನಿನ ನಂಬರ್, ಗುರುತು, ಗೆರೆ ಎಲ್ಲವನ್ನೂ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾದರೆ ಅದರೊಳಗಿನ ಪ್ಲಂಜರ್ ಮಾತ್ರ ಕೊಡುತ್ತೀರಾ ಅಂತ ಕೇಳಿದೆವು. ಕೊಡಲ್ಲ ಅಂದರು. ಅವರದ್ದೂ ತಪ್ಪಲ್ಲ. ಪ್ಲಂಜರ್ ಇಲ್ಲದ ಕೇಸನ್ನು ಅವರು ಯಾರಿಗೆ ಮಾರಬೇಕು?

ಈ ನಡುವೆ ಮಾಡಿಸುವ ದಾರಿಯನ್ನೂ ನೋಡಿದೆವು. ಹಳೇ ಕೈಯ ಒಬ್ಬ ಟರ್ನರ್ ಚಿತ್ರವನ್ನು ಸುಮಾರು ಹೊತ್ತು ನೋಡಿ ಹೇಳಿದರು: 'ಪಿನ್ ಬೇಕಿದ್ರೆ ಮಾಡ್ಕೊಡ್ತೀನಿ ಸರ್. ಪ್ಲಂಜರ್ ಮಾತ್ರ ಕೇಳ್ಬೇಡಿ.'

'ಒಂದು ಕಡ್ಡಿ ಥರ ಇದೆಯಲ್ಲಾ ಮೇಸ್ತ್ರಿ, ಲೇತ್‌ನಲ್ಲಿ ಆಗಲ್ವಾ?' ಅಂದ ಗೆಳೆಯ.

'ಕಡ್ಡಿ ಆಗುತ್ತೆ. ಆ ಗ್ರೂವ್ ಯಾರು ಹಾಕ್ತಾರೆ? ಹಲ್ಲು ಯಾರು ಕೊರೀತಾರೆ? ಎಲ್ಲ ಆದ್ಮೇಲೆ ಹಾರ್ಡನ್ ಮಾಡಿದ್ರೆ ಸೊಟ್ಟ ಆಗುತ್ತೆ. ಆಮೇಲೆ ಗ್ರೈಂಡ್ ಮಾಡ್ಬೇಕು.'

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆಕ್ಸಲ್ ವರ್ಮಿಗೆ ಹೊಂದುವ ಕೋನದಲ್ಲಿ ಹಲ್ಲು ಬರಬೇಕು. ಗ್ರೂವ್‌ನ ಅಂಕುಡೊಂಕು, ಆಯಿಲ್ ದಾರಿ ತೆರೆದು ಮುಚ್ಚುವ ಹೊತ್ತು, ಎರಡಕ್ಕೂ ತಾಳೆಯಾಗಬೇಕು. ಎರಡು ಬೇರೆ ಬೇರೆ ದಪ್ಪಗಳು ಒಂದೇ ನಡುಗೆರೆಯಲ್ಲಿ ಇರಬೇಕು. ಕೈಯಲ್ಲಿ ಒಂದು ಒಳ್ಳೆಯ ಮಾದರಿ ಇದ್ದು, ಹತ್ತಾರು ಪ್ಲಂಜರ್ ಒಟ್ಟಿಗೆ ಮಾಡುವವರಿಗೆ ಇದು ಗಿಟ್ಟುತ್ತದೆ. ಒಂದೇ ಒಂದಕ್ಕೆ, ಮಾದರಿಯೂ ಇಲ್ಲದೆ, ಮಾಡಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಕೊನೆಗೆ ಪ್ಲಂಜರ್ ಸಿಕ್ಕಿದ್ದು ಎಜೆಎಸ್ 16ಎಂ ಹೆಸರಿನಲ್ಲಿ ಹುಡುಕಿದಾಗ. ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸ್ ತೂತು ಬಿದ್ದ ಇಂಜಿನ್. ಕೇಸಿಗೆ ಬೆಲೆಯಿಲ್ಲ, ಹಾಗಾಗಿ ಬಿಡಿ ಬಿಡಿಯಾಗಿ ಮಾರುತ್ತಿದ್ದರು. ಇಂಥ ಸತ್ತ ಇಂಜಿನ್ನುಗಳನ್ನೇ ಹುಡುಕಬೇಕು. ರಾಡ್ ಮುರಿದ ಇಂಜಿನ್ನಿನಲ್ಲಿ ಆಯಿಲ್ ಪಂಪ್ ಚೆನ್ನಾಗಿರುವ ಸಾಧ್ಯತೆ ಇದೆ, ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಆಯಿಲ್ ಸಿಗದೆ ಬಿಗ್ ಎಂಡ್ ಹೋಗಿ ರಾಡ್ ಮುರಿಯಿತಾ? ಹಾಗಿದ್ದರೆ ಪಂಪಿನ ಮೇಲೇ ಅನುಮಾನ ಪಡಬೇಕು. ಬಿಗ್ ಎಂಡಿನ ಫೋಟೋ ಕೇಳಿ ತರಿಸಿಕೊಂಡೆವು. ರೋಲರುಗಳು ನೀಲಿ ತಿರುಗಿರಲಿಲ್ಲ, ಅಂದರೆ ಒಣಗಿ ಕಾದ ಗುರುತು ಇರಲಿಲ್ಲ. ರಾಡ್ ಮೇಲಿನ ಕಡೆ ಮುರಿದಿತ್ತು. ಮಾರುವವರು ಮೈಕ್ರೋಮೀಟರ್ ಅಳತೆಯನ್ನೂ ಕೊಟ್ಟರು. ಸಣ್ಣ ತುದಿ ನಮ್ಮ ತೂತಿಗೆ ಹೊಂದುವ ಹಾಗಿತ್ತು. ಪಾರ್ಟ್ ಕೈಗೆ ಬಂದ ಮೇಲೆ ನಾವೇ ಮತ್ತೊಮ್ಮೆ ಅಳೆದೆವು, ಅವರ ಅಳತೆಯೇ ಬಂತು.

ಅದರ ಜೊತೆ ಹಳೇ ಪಿನ್ನೂ ಬಂದಿತ್ತು. ಅದನ್ನು ಹಾಕಲಿಲ್ಲ. ತುದಿಯಲ್ಲಿ ಒಂದು ಬದಿ ಚಪ್ಪಟೆಯಾಗಿ ಸವೆದಿತ್ತು. ಇಡೀ ಪಂಪಿನ ಹಿಂದೆ ಮುಂದೆ ಓಡಾಟ ಆ ತುದಿಯ ಮೇಲೇ ನಿಂತಿದೆ. ಅಲ್ಲಿ ಸಡಿಲ ಇದ್ದರೆ ಪ್ಲಂಜರ್ ಪ್ರತಿ ತಿರುವಿನಲ್ಲೂ ಗ್ರೂವ್ ಗೋಡೆಗೆ ಬಡಿಯುತ್ತದೆ. ಎಜೆಎಸ್ ಮತ್ತು ಮ್ಯಾಚ್‌ಲೆಸ್ ಮಾಲೀಕರ ಕ್ಲಬ್ಬಿಗೆ ತನ್ನದೇ ಸ್ಪೇರ್ ಪಾರ್ಟ್ಸ್ ವಿಭಾಗ ಇದೆ. ಹೊಸ ಪಿನ್ ಅಲ್ಲಿಂದ ತರಿಸಿದೆವು. 1966ರಲ್ಲಿ ಮುಳುಗಿದ ಕಂಪನಿಯ ಗಾಡಿಗಳು ಇನ್ನೂ ಓಡುತ್ತಿರುವುದು ಇಂಥ ಕ್ಲಬ್ಬುಗಳಿಂದಲೇ.

ಟರ್ನರ್ ಹತ್ತಿರ ಕೂಡ ಒಂದು ಪಿನ್ ಮಾಡಿಸಿದೆವು, ಹಿತ್ತಾಳೆಯಲ್ಲಿ. ಅದು ಓಡಿಸಲು ಅಲ್ಲ, ಪರೀಕ್ಷೆಗೆ.

ಜೋಡಣೆ

ಕ್ರ್ಯಾಂಕ್ ಒಳಗೆ ಹೋಗಿ ಕೇಸ್ ಮುಚ್ಚಿದ ಮೇಲೇ ಪ್ಲಂಜರ್ ಹಾಕುವುದು. ಆಯಿಲ್ ಸವರಿ ತೂತಿಗೆ ತಳ್ಳಿದಾಗ ತನ್ನ ಭಾರಕ್ಕೆ ಜಾರಬಾರದು, ಬೆರಳಿನಿಂದ ಒತ್ತಿದರೆ ಎಲ್ಲೂ ಹಿಡಿಯದೆ ಹೋಗಬೇಕು. ನಮ್ಮದು ಹಾಗೇ ಹೋಯಿತು. ವರ್ಮಿಗೆ ನೀಲಿ ಬಣ್ಣ ಸವರಿ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ, ಪ್ಲಂಜರ್ ತೆಗೆದು, ಹಲ್ಲಿನ ಮೇಲೆ ಬಣ್ಣ ಎಲ್ಲಿ ಹತ್ತಿದೆ ಅಂತ ನೋಡಿದೆವು. ಹಲ್ಲಿನ ನಡುಭಾಗದಲ್ಲಿ ಹತ್ತಿತ್ತು, ಅಂಚಿನಲ್ಲಿ ಅಲ್ಲ.

ಈಗ ಹಿತ್ತಾಳೆ ಪಿನ್ನಿನ ಸರದಿ. ಅದನ್ನು ಬೆರಳಲ್ಲೇ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಪ್ಲಂಜರನ್ನು ಅತ್ತಿತ್ತ ಸರಿಸುತ್ತಾ ಇದ್ದರೆ ತುದಿ ಗ್ರೂವ್‌ಗೆ ಬಿದ್ದದ್ದು ಕೈಗೆ ಗೊತ್ತಾಗುತ್ತದೆ. ಪ್ಲಂಜರ್ ಇನ್ನು ಮನಸ್ಸಿಗೆ ಬಂದ ಹಾಗೆ ಸರಿಯುವುದಿಲ್ಲ. ಆಗ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ, ಪ್ಲಂಜರ್ ಪೂರ್ತಿ ಒಂದು ಸುತ್ತು ಬಂದು ಹಿಂದೆ ಮುಂದೆ ಹೋಗುವುದನ್ನು ನೋಡಬೇಕು. ಪ್ಲಂಜರ್ ಇಂಜಿನ್ನಿಗಿಂತ ತುಂಬಾ ನಿಧಾನ ತಿರುಗುವುದರಿಂದ ತಾಳ್ಮೆ ಬೇಕು. ಎಲ್ಲಾದರೂ ತುದಿ ಗ್ರೂವ್‌ನ ತಳಕ್ಕೆ ತಾಗುತ್ತಿದ್ದರೆ ಹಿತ್ತಾಳೆಯ ಮೇಲೆ ಗೀರು ಬೀಳುತ್ತದೆ, ಪ್ಲಂಜರಿಗೆ ಏನೂ ಆಗುವುದಿಲ್ಲ. ಗೀರು ಬೀಳಲಿಲ್ಲ. ಹಿತ್ತಾಳೆ ತೆಗೆದು ಉಕ್ಕಿನ ಪಿನ್ನನ್ನು ಅದೇ ಕ್ರಮದಲ್ಲಿ ಹಾಕಿದೆವು. ಗ್ರೂವ್‌ಗೆ ಬಿದ್ದದ್ದು ಖಾತ್ರಿಯಾದ ಮೇಲಷ್ಟೇ ಸ್ಪ್ಯಾನರ್ ಮುಟ್ಟಿದ್ದು. ಬಿಗಿ ಮಾಡಿದ ಮೇಲೂ ಮತ್ತೆ ಕೈಯಲ್ಲೇ ತಿರುಗಿಸಿ ನೋಡಿದೆವು.

ಕಿಕ್ ಹೊಡೆಯುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು ಇಂಜಿನ್ ತಿರುಗಿಸಿ ಪಂಪಿಗೆ ಆಯಿಲ್ ಹತ್ತಿಸಿದೆವು. ಈ ಗಾಡಿಯಲ್ಲಿ ಒಂದು ಒಳ್ಳೆಯ ಸೌಕರ್ಯ ಇದೆ. ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದರೆ ವಾಪಸ್ ಬರುವ ಪೈಪಿನ ಬಾಯಿ ಕಾಣುತ್ತದೆ. ಪ್ರೆಷರ್ ಗೇಜ್ ಇಲ್ಲದ ಇಂಜಿನ್ನಿಗೆ ಅದೇ ಗೇಜ್. ಸ್ಟಾರ್ಟ್ ಆದ ಕೂಡಲೇ ಮೊದಲು ಗಟ್ಟಿ ಧಾರೆ ಬಂತು, ತಳದಲ್ಲಿ ನಿಂತಿದ್ದ ಆಯಿಲ್ ಖಾಲಿಯಾಗುವವರೆಗೆ. ಆಮೇಲೆ ಗಾಳಿಗುಳ್ಳೆಗಳ ಜೊತೆ ಬಿಟ್ಟು ಬಿಟ್ಟು ಬರತೊಡಗಿತು. ಹೊಸಬರು ಇದನ್ನು ನೋಡಿ ಗಾಬರಿ ಬೀಳುತ್ತಾರೆ. ಬಿಟ್ಟು ಬಿಟ್ಟು ಬರುವುದೇ ಸರಿ. ಎತ್ತುವ ಬದಿ ಕೊಡುವ ಬದಿಗಿಂತ ಬಲವಾಗಿದೆ, ತಳ ಒಣಗಿದೆ ಅಂತ ಅದರ ಅರ್ಥ. ದಪ್ಪ ಬದಿಯ ಒಂದೂವರೆ ಥೌ ಬಗ್ಗೆ ಇದ್ದ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು.

ಗಾಡಿ ಕೆಲವು ವಾರ ನಿಂತರೆ ತಳಕ್ಕೆ ಸ್ವಲ್ಪ ಆಯಿಲ್ ಇಳಿಯುತ್ತದೆ. ಈ ವಯಸ್ಸಿನ ಬ್ರಿಟಿಷ್ ಇಂಜಿನ್ನುಗಳಲ್ಲಿ ಇದು ಮಾಮೂಲಿ. ಟ್ಯಾಂಕಿನಿಂದ ಬರುವ ಪೈಪಿಗೆ ಸ್ಪ್ರಿಂಗ್ ಗುಂಡಿನ ವಾಲ್ವ್ ಹಾಕಿ ಅಂತ ಹೇಳುವವರು ಬಹಳ. ನನಗೆ ಅದು ಇಷ್ಟವಿಲ್ಲ. ಈ ಪಂಪ್ ಎಳೆಯುವ ಬಲ ಕಡಿಮೆ, ಗುಂಡು ಅಂಟಿಕೊಂಡರೆ ಇಂಜಿನ್ನಿಗೆ ಆಯಿಲ್ ಹೋಗುವುದೇ ಇಲ್ಲ. ಕೈಯಿಂದ ತಿರುಗಿಸುವ ನಲ್ಲಿ ಹಾಕಿ ತೆರೆಯಲು ಮರೆತು ಇಂಜಿನ್ ಸೀಜ್ ಮಾಡಿಕೊಂಡವರ (ಆಯಿಲ್ ಇಲ್ಲದೆ ಹಿಡಿದು ನಿಲ್ಲಿಸಿಕೊಂಡವರ) ಕಥೆಗಳೂ ಕಡಿಮೆಯಿಲ್ಲ. ಗೆಳೆಯ ಏನನ್ನೂ ಹಾಕಿಲ್ಲ. ಬಹಳ ದಿನ ನಿಂತಿದ್ದರೆ ತಳದ ಪ್ಲಗ್ ಬಿಚ್ಚಿ ಆಯಿಲ್ ಬಸಿದು ಟ್ಯಾಂಕಿಗೆ ವಾಪಸ್ ಹಾಕುತ್ತಾನೆ, ಆಮೇಲೆ ಕಿಕ್.

ಪಂಪಿನ ಎರಡೂ ಬದಿಯ ಅಳತೆ, ಪ್ಲಂಜರಿನ ಅಳತೆ, ಅದು ಯಾವ ಇಂಜಿನ್ನಿನಿಂದ ಬಂತು ಅನ್ನುವುದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗಾಡಿಯ ಕಾಗದಗಳ ಜೊತೆ ಇಟ್ಟಿದ್ದೇವೆ. ಕೇಸ್ ಮುಂದೆ ಯಾವಾಗ ಬಿಚ್ಚಿದರೂ ದಪ್ಪ ಬದಿಯನ್ನು ಮತ್ತೆ ಅಳೆಯಬೇಕು. ಅದು ಎರಡೂವರೆ ಥೌ ದಾಟಿದ್ದರೆ ಹೋನ್ ಮಾಡಿಸುವ ವಿಚಾರ ಆಗ ನೋಡೋಣ.